ಕಾರ್ಪೆಟ್ಟಿನ ತೂತು ಮತ್ತು ನಮ್ಮ ದೊಡ್ಡಪ್ಪ

ಹಳೆಯ ಕಾರ್ಪೆಟ್ ಕಿತ್ತು ಹೊಸದು ಹಾಸಲು ಬಂದ ಮಾರೆಕ್, ನಮ್ಮ ಮುಂದಿನ ಕೋಣೆಯ ಕಿಟಕಿಯ ಬಳಿ ಮಂಡಿಯೂರಿ ಕೂತವನು, ಕೆಲಸ ಶುರು ಮಾಡುವ ಮೊದಲೇ ಒಂದು ಕಡೆ ಬೆರಳಿಟ್ಟು, "ಮೇಡಂ, ಇಲ್ಲಿ ಏನು ನಿಂತಿತ್ತು?" ಎಂದು ಕೇಳಿದ. ಅವನ ಬೆರಳ ಕೆಳಗೆ ಒಂದು ತೂತು. ಒಂದು ಹುಣಸೆಬೀಜ ಹಿಡಿಸುವಷ್ಟು, ಹೆಚ್ಚಿಲ್ಲ. ಅದರ ಹಿಂದೆ ಎರಡು ಪಾದ ಊರುವಷ್ಟು ಜಾಗ ಸವೆದು ಹೋಗಿ ಕಾರ್ಪೆಟ್ಟಿನ ನೂಲು ಕಾಣುತ್ತಿತ್ತು.

"ನಮ್ಮ ದೊಡ್ಡಪ್ಪ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಪೋಲೆಂಡಿನಿಂದ ಬಂದು ಮರ್ಯಾದೆಯಿಂದ ದುಡಿಯುವ ಮನುಷ್ಯ. ಲಂಡನ್ನಿನ ಹ್ಯಾರೋದ ಈ ಮನೆಯಲ್ಲಿ ಹದಿನಾಲ್ಕು ವರ್ಷ ಹಿರಿಯರೊಬ್ಬರನ್ನು ಮೂಲೆಯಲ್ಲಿ ನಿಲ್ಲಿಸಿದ್ದೆವು ಅಂತ ಹೇಳಿದರೆ ಚಾಕು ಚೀಲಕ್ಕೆ ಹಾಕಿಕೊಂಡು ಹೊರಟೇ ಬಿಟ್ಟಾನು. "ಡಬಲ್ ಬೇಸ್" ಎಂದೆ. "ಯಾರು ನುಡಿಸುತ್ತಿದ್ದರು?" "ನಾನು." ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನೋಡುವುದಕ್ಕೆ ಬಹಳ ಹೊತ್ತೇನೂ ಹಿಡಿಯಲಿಲ್ಲ, ನನ್ನ ಎತ್ತರ ಐದಡಿಗೆ ಒಂದಿಂಚು ಕಡಿಮೆ.

ನಿಮಗೂ ಅನುಮಾನ ಬಂದಿರಬೇಕು. ಡಬಲ್ ಬೇಸ್ ಅಂದರೆ ಪಿಟೀಲಿನ ಜಾತಿಯದೇ ವಾದ್ಯ, ಆದರೆ ಆಳಿಗಿಂತ ಎತ್ತರ. ನಿಲ್ಲಿಸಿ, ತಬ್ಬಿ ಹಿಡಿದು, ಹಗ್ಗದಂಥ ನಾಲ್ಕು ತಂತಿಗಳನ್ನು ಬೆರಳಿನಿಂದ ಎಳೆದು ನುಡಿಸಬೇಕು. ಕೆಳಗೆ ಮೊಳೆಯಂಥ ಒಂದೇ ಕಾಲು. ಅಂಥದ್ದನ್ನು ಧಾರವಾಡದ ಹೆಣ್ಣುಮಗಳೊಬ್ಬಳು, ಜೋಳದ ರೊಟ್ಟಿ ಬಡಿಯುವುದು ಬಿಟ್ಟರೆ ಮತ್ತೊಂದು ತಾಳ ಗೊತ್ತಿಲ್ಲದವಳು, ಯಾಕೆ ತಬ್ಬಿಕೊಂಡು ನಿಂತಳು? ಹೇಳುತ್ತೇನೆ. ಆದರೆ ಅದಕ್ಕೆ ಬ್ಯಾಂಜೊದಿಂದ ಶುರು ಮಾಡಬೇಕು, ಬೇರೆ ದಾರಿ ಇಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮವರು ಹೇಸ್‌ನ ಗೋದಾಮೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದರು. ಅವರ ಹೆಸರು ನಾನು ಹೇಳುವುದಿಲ್ಲ, ನಮ್ಮ ಕಡೆ ಗಂಡನ ಹೆಸರು ಹಾಗೆಲ್ಲ ಹೇಳುವ ಪದ್ಧತಿ ಇಲ್ಲ. ಒಂದು ದಿನ ಪೇಪರ್ ಅಂಗಡಿಯ ಕಿಟಕಿಯಲ್ಲಿ "ಬ್ಯಾಂಜೊ ಮಾರಾಟಕ್ಕಿದೆ" ಎಂಬ ಚೀಟಿ ನೋಡಿದರಂತೆ. ಎದೆ ಝಲ್ಲೆಂದಿತಂತೆ. ಧಾರವಾಡದಲ್ಲಿ ಬ್ಯಾಂಜೊ ಅಂದರೆ ಏನು? ಎಡಗೈಯಲ್ಲಿ ಟೈಪ್‌ರೈಟರಿನ ಹಾಗೆ ಗುಂಡಿ ಒತ್ತುತ್ತ ಬಲಗೈಯಲ್ಲಿ ತಂತಿ ಮೀಟುವ ಹಲಗೆಯಂಥ ವಾದ್ಯ. ಗಣಪತಿ ಬಿಡುವ ಮೆರವಣಿಗೆಯಲ್ಲಿ, ಮದುವೆಯ ವರಾತದಲ್ಲಿ ಬ್ಯಾಂಜೊ ಪಾರ್ಟಿ ಇಲ್ಲದಿದ್ದರೆ ಅದು ಮೆರವಣಿಗೆಯೇ ಅಲ್ಲ. ಕಾಲೇಜಿನ ದಿನಗಳಲ್ಲಿ ಇವರೂ ಅಂಥದೊಂದು ಪಾರ್ಟಿಯಲ್ಲಿ ಗುಂಡಿ ಒತ್ತಿದವರು. ಲಂಡನ್ನಿನಲ್ಲಿ ಅದು ಸಿಗುತ್ತದೆ ಅಂದರೆ!

ಓಡಿದರು. ಸಂಜೆ ಮನೆಗೆ ತಂದದ್ದು ತಮಟೆಗೆ ಉದ್ದ ಕುತ್ತಿಗೆ ಅಂಟಿಸಿ ಐದು ತಂತಿ ಕಟ್ಟಿದ ಒಂದು ವಿಚಿತ್ರ.

"ಇದರ ಗುಂಡಿ ಎಲ್ಲಿ ಅದಾವ್ರೀ?" ಅಂದೆ.

"ನಾನೂ ಅದನ್ನs ಕೇಳಿದೆ. ಮುದುಕ ನಗಾಕತ್ತಿದ."

"ಮತ್ತ ಯಾಕ ತಂದ್ರಿ?"

"ಚಹಾ ಮಾಡಿ ಕೊಟ್ಟ, ಕಸ್ತೂರಿ. ಚಹಾ ಕುಡದ ಮ್ಯಾಲೆ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ಆ ಮುದುಕ ಕೆನ್. ರೈಲ್ವೆಯಿಂದ ನಿವೃತ್ತನಾದವನು, ಹೆಂಡತಿ ತೀರಿದ್ದಳು. ಮಾರಿದ ಬ್ಯಾಂಜೊದ ಮೇಲಿನ ಆಸೆ ಹೋಗಿರಲಿಲ್ಲವೋ ಏನೋ, ಮುಂದಿನ ಭಾನುವಾರ ಅದನ್ನು ಕಲಿಸಲು ತಾನೇ ಬಂದ. ಇದು ಬ್ಲೂಗ್ರಾಸ್ ಎಂಬ ಸಂಗೀತ, ಅಮೆರಿಕದ ಗುಡ್ಡಗಾಡಿನವರದು, ಬರೀ ತಂತಿವಾದ್ಯ, ಕುಟುಂಬಕ್ಕೆ ಕುಟುಂಬವೇ ಒಂದು ಮೈಕಿನ ಸುತ್ತ ನಿಂತು ನುಡಿಸುತ್ತದೆ ಎಂದು ವಿವರಿಸಿದ. ನಮ್ಮವರಿಗೆ ಕೊನೆಯ ಮಾತು ತಲೆಗೆ ಹತ್ತಿತು. "ಇದು ನಮ್ಮ ಭಜನಿ ಮ್ಯಾಳನs. ಒಬ್ಬಾಂವ ಎತ್ತತಾನ, ಉಳದವ್ರು ಹಿಡೀತಾರ" ಎಂದು ಕುಣಿದಾಡಿದರು. ಧಾರವಾಡದಲ್ಲಿದ್ದ ಅಣ್ಣನಿಗೆ ಉತ್ಸಾಹದಿಂದ ಬರೆದರು. ಅಲ್ಲಿಂದ ಉತ್ತರ ಬಂತು: "ಅಲ್ಲಿ ಹುಲ್ಲು ನೀಲಿ ಇರತೈತೇನು? ಎಮ್ಮಿ ತಿಂತಾವೇನು?"

ಮಗ ಮಲ್ಲುವಿಗೆ ಆಗ ಹನ್ನೊಂದು, ಅವನ ಕೊರಳಿಗೆ ಗಿಟಾರ್ ಬಿತ್ತು. ಮಗಳು ಶಾಲ್ಮಲಾ ಒಂಬತ್ತರವಳು, ಅವಳ ಬೆರಳಿಗೆ ಮ್ಯಾಂಡೊಲಿನ್ ಸರಿಹೋಯಿತು. ಉಳಿದವಳು ನಾನು. ಅಡಿಗೆಮನೆಯಲ್ಲಿ ಕೇಳುತ್ತ ಇರುತ್ತೇನೆ ಎಂದೆ. ಅಷ್ಟರಲ್ಲಿ ಬೆನ್ನುನೋವು ಎಂದು ಕೆನ್ ತನ್ನ ಬೇಸನ್ನು "ಸ್ವಲ್ಪ ದಿನ ಇರಲಿ" ಅಂತ ನಮ್ಮ ಮನೆಯಲ್ಲಿ ತಂದು ನಿಲ್ಲಿಸಿದ. ಸ್ವಲ್ಪ ದಿನ ಇರಲು ಬಂದ ನೆಂಟರು ಹೇಗಿರುತ್ತಾರೆ ಅಂತ ನಿಮಗೆ ಗೊತ್ತೇ ಇದೆ.

"ನನ್ನ ಕೈಲೆ ಆಗೂದಿಲ್ರೀ" ಎಂದು ಕೈ ಮುಗಿದೆ.

"ದಿನಾ ರೊಟ್ಟಿ ಬಡೀತಿ ಇಲ್ಲ? ಧಪ್, ಧಪ್. ಅದs ತಾಳ. ಹಿಟ್ಟಿನ ಬದಲಿ ತಂತಿ."

ಹಾಗೆ ಹಿಟ್ಟಿನ ಬದಲಿಗೆ ತಂತಿ ಬಡಿದೆ. ಮೊದಲ ತಿಂಗಳು ಬೆರಳ ತುಂಬ ಬೊಕ್ಕೆ. ನಾನು ಜಿಪಿಯೊಬ್ಬರ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಶನ್ನಿನಲ್ಲಿದ್ದೆ. ಐದು ಬೆರಳಿಗೂ ಪ್ಲಾಸ್ಟರ್ ಪಟ್ಟಿ ಸುತ್ತಿಕೊಂಡು ಹೋದವಳನ್ನು ಡಾಕ್ಟರಮ್ಮ ಒಳಗೆ ಕರೆದು, ಬಾಗಿಲು ಹಾಕಿ, ಮೆಲ್ಲನೆ ಕೇಳಿದರು: "ಮನೆಯಲ್ಲಿ ಎಲ್ಲ ಸರಿ ಇದೆಯೇ?" ಗಂಡ ಹೊಡೆಯುತ್ತಾನೆ ಅಂದುಕೊಂಡಿದ್ದರು ಪಾಪ. ನಾನು ನಕ್ಕಷ್ಟೂ ಅವರ ಅನುಮಾನ ಇನ್ನೂ ಗಟ್ಟಿಯಾಯಿತು.

ಅದಕ್ಕೆ ದೊಡ್ಡಪ್ಪ ಎಂದು ಹೆಸರಿಟ್ಟವಳು ಶಾಲು. ಊರಿನಲ್ಲಿರುವ ಅವಳ ನಿಜವಾದ ದೊಡ್ಡಪ್ಪ ಆರಡಿ ಆಳು, ದೊಡ್ಡ ಹೊಟ್ಟೆ, ಗೋಡೆಗೆ ಒರಗಿ ನಿಂತರೆ ತಾಸುಗಟ್ಟಲೆ ಅಲ್ಲಾಡುವುದಿಲ್ಲ. ಯಾರು ಏನೇ ಹೇಳಲಿ, ಅವರ ಮಾತು ಎರಡೇ, "ಹೂಂ" ಮತ್ತು "ಹೌದು." ನಮ್ಮ ಬೇಸೂ ಹಾಗೇ. ಉಳಿದ ವಾದ್ಯಗಳು ಹರಟೆ ಹೊಡೆಯುತ್ತಿದ್ದರೆ ಇದು ಹಿಂದೆ ನಿಂತು ಎರಡೇ ಸ್ವರ ಹಾಕುತ್ತದೆ. ಕಾರಿನಲ್ಲಿ ಅದಕ್ಕೆ ಜಾಗವಾಗಬೇಕಾದರೆ ಮುಂದಿನ ಸೀಟು ಮಲಗಿಸಬೇಕು. ಹಾಗಾಗಿ ತಂಡವಿದ್ದಷ್ಟು ವರ್ಷ ನನ್ನ ಗಂಡನ ಪಕ್ಕದಲ್ಲಿ ಬೆಲ್ಟು ಹಾಕಿಸಿಕೊಂಡು ಕೂತವರು ದೊಡ್ಡಪ್ಪ. ನಾನು ಹಿಂದೆ, ಮಕ್ಕಳ ನಡುವೆ, ತೊಡೆಯ ಮೇಲೆ ಪುಳಿಯೋಗರೆಯ ಡಬ್ಬಿ ಇಟ್ಟುಕೊಂಡು.

ಇನ್ನು ಬ್ರೇಕಿನ ಕಥೆ. ಇದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಕೆನ್ ನಮ್ಮನ್ನು ಮೊದಲ ಬಾರಿಗೆ ಒಂದು ಪಬ್ಬಿನ ಮಾಳಿಗೆಗೆ ಕರೆದುಕೊಂಡು ಹೋದ. ಹತ್ತು ಹನ್ನೆರಡು ಜನ ಸುತ್ತ ನಿಂತು ನುಡಿಸುತ್ತಿದ್ದರು. ಒಂದು ಪದ ಅರ್ಧಕ್ಕೆ ಬಂದಾಗ ಕೆನ್ ನಮ್ಮವರ ಕಡೆ ತಿರುಗಿ, ಗಡ್ಡ ಅಲ್ಲಾಡಿಸಿ, "ಟೇಕ್ ಎ ಬ್ರೇಕ್!" ಎಂದ. ನಮ್ಮವರಿಗೆ ಭಾರೀ ಸಂತೋಷವಾಯಿತು. ಹೊಸಬ, ದಣಿದಿದ್ದಾನೆ ಅಂತ ಎಷ್ಟು ಕಾಳಜಿ! "ಥ್ಯಾಂಕ್ಯೂ ವೆರಿ ಮಚ್" ಎಂದು ಬ್ಯಾಂಜೊವನ್ನು ಕುರ್ಚಿಯ ಮೇಲಿಟ್ಟು, ಕೆಳಗಿಳಿದು ಹೋಗಿ ಚಹಾ ಕೇಳಿದರು. ಆ ಪಬ್ಬಿನಲ್ಲಿ ಸಂಜೆ ಏಳಕ್ಕೆ ಚಹಾ ಕೇಳಿದವರು ಅವರೊಬ್ಬರೇ ಇರಬೇಕು. ಮೇಲೆ ನಾವೆಲ್ಲ ಅದೇ ತಾಳ ಹಿಡಿದು ಕಾಯುತ್ತಿದ್ದೆವು. ನನಗಂತೂ ನಿಲ್ಲಿಸುವುದು ಹೇಗೆಂದೇ ಗೊತ್ತಿರಲಿಲ್ಲ, ಧಪ್ ಧಪ್ ಅಂತ ಬಡಿಯುತ್ತಲೇ ಇದ್ದೆ. ಐದು ಸುತ್ತಾದ ಮೇಲೆ ಕೆನ್ ಕಣ್ಣೊರೆಸಿಕೊಳ್ಳುತ್ತ ಕೆಳಗೆ ಹೋಗಿ, ಅವರನ್ನೂ ಅವರ ಚಹಾವನ್ನೂ ಹಿಡಿದುಕೊಂಡು ಬಂದ.

ನಮಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಬ್ರೇಕ್ ಅಂದರೆ ಎದ್ದು ಹೋಗುವುದು. ಇವರ ಸಂಗೀತದಲ್ಲಿ ಅದು ಮುಂದೆ ಬರುವುದು. ನಿನ್ನ ಸರದಿ, ಮೈಕಿನ ಹತ್ತಿರ ಬಾ, ಒಂದು ಸುತ್ತು ನೀನೊಬ್ಬನೇ ನುಡಿಸು, ಉಳಿದವರು ಸಣ್ಣ ದನಿಯಲ್ಲಿ ಆಸರೆ ಕೊಡುತ್ತೇವೆ ಎಂದರ್ಥ. ಸುತ್ತು ಮುಗಿದ ಮೇಲೆ ಯಾರ ಕಡೆಗಾದರೂ ನೋಡಬೇಕು, ನೋಡಿಸಿಕೊಂಡವರು ಮುಂದೆ ಬರುತ್ತಾರೆ.

"ಯಾರೂ ಬರಲಿಲ್ಲ ಅಂದ್ರ?" ಎಂದು ನಮ್ಮವರು ಇಂಗ್ಲಿಷಿನಲ್ಲಿ ಕೇಳಿದರು.

"ನಿಲ್ಲಿಸಬೇಡ" ಅಂದ ಕೆನ್. "ಇನ್ನೊಂದು ಸುತ್ತೂ ನೀನೇ ಹೊಡಿ."

ಅಂದಿನಿಂದ ಮನೆಯಲ್ಲಿ ಅದೇ ಮಾತು. ಊಟಕ್ಕೆ ಕೂತಾಗ ಶಾಲೆಯ ಸುದ್ದಿ ಹೇಳಬೇಕಾದರೆ ಮಕ್ಕಳು "ಅಪ್ಪಾ, ಬ್ರೇಕ್!" ಎಂದು ಚಮಚ ಎತ್ತುತ್ತಿದ್ದರು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು ಮತ್ತು ಇಂಗ್ಲಿಷಿನಲ್ಲಿ ತಡವರಿಸುವ ಅಪ್ಪನ ನಡುವೆ ಆ ಒಂದು ಶಬ್ದಕ್ಕೆ ಮಾತ್ರ ಒಂದೇ ಅರ್ಥವಿತ್ತು. ಇತ್ತು ಅಂತ ನಾವು ತಿಳಿದಿದ್ದೆವು.

ನಮ್ಮ ಕೀರ್ತಿಯ ಬಗ್ಗೆಯೂ ಹೇಳಿಬಿಡುತ್ತೇನೆ, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ತಂಡದ ಹೆಸರು "ದಿ ಹಂಚಿನಮನಿ ಫ್ಯಾಮಿಲಿ." ವೇದಿಕೆಯ ಮೇಲೆ ಅದನ್ನು ಸರಿಯಾಗಿ ಕೂಗಿದ ಒಬ್ಬ ಇಂಗ್ಲಿಷಿನವನೂ ಸಿಗಲಿಲ್ಲ. ಹೆಚ್ಚಿನವರು ಹ್ಯಾಂಕಿಮನಿ ಅಂದರು, ಒಬ್ಬ ಹನಿಮೂನ್ ಅಂದ. ಚರ್ಚಿನ ಸಭಾಂಗಣಗಳು, ಶಾಲೆಯ ಬೇಸಿಗೆ ಜಾತ್ರೆಗಳು, ಆಸ್ಪತ್ರೆಗೆ ಸಹಾಯಾರ್ಥ ಕಾರ್ಯಕ್ರಮಗಳು. ವರ್ಷಕ್ಕೊಮ್ಮೆ ಅಕ್ಸ್‌ಬ್ರಿಜ್ ಆಚೆಯ ಒಂದು ಬಯಲಿನಲ್ಲಿ ಬ್ಲೂಗ್ರಾಸಿನವರೆಲ್ಲ ಸೇರುತ್ತಿದ್ದರು, ಅಲ್ಲಿಗೂ ಹೋಗುತ್ತಿದ್ದೆವು. ಮೂವರಿಗೂ ಚೌಕಳಿ ಅಂಗಿ, ನನಗೆ ಮಾತ್ರ ಇಳಕಲ್ ಸೀರೆ. ಸೆರಗು ಬಿಗಿದು ಸೊಂಟಕ್ಕೆ ಸಿಗಿಸುತ್ತಿದ್ದೆ, ಇಲ್ಲದಿದ್ದರೆ ದೊಡ್ಡಪ್ಪನ ಕಿವಿಗೆ, ಅಂದರೆ ತಂತಿ ಬಿಗಿಯುವ ಬಿರಡೆಗೆ, ಸಿಕ್ಕಿಕೊಳ್ಳುತ್ತಿತ್ತು. ಒಂದು ಕ್ಯಾಸೆಟ್ಟೂ ಮಾಡಿದೆವು, ಇದೇ ಕೋಣೆಯಲ್ಲಿ, ಕಿಟಕಿಗೆ ದುಪ್ಪಟಿ ಕಟ್ಟಿ. ಮೂರನೆಯ ಪದದಲ್ಲಿ ಕುಕ್ಕರ್ ಒಂದು ಸೀಟಿ ಹಾಕುತ್ತದೆ. ಶ್ರುತಿಗೆ ಸರಿಯಾಗಿದೆ ಅಂತ ಹಾಗೇ ಬಿಟ್ಟರು.

ಹ್ಯಾರೋದಲ್ಲಿ ಕನ್ನಡದವರ ಕೂಟದಲ್ಲಿಯೂ ಒಮ್ಮೆ ನುಡಿಸಿದೆವು. ಜನ ಕೈ ಕಟ್ಟಿ ಕೂತು ಕೇಳಿದರು. ಕೊನೆಗೆ ಬೆಂಗಳೂರಿನ ಒಬ್ಬ ಹಿರಿಯರು ಬಂದು, "ತುಂಬಾ ಚೆನ್ನಾಗಿತ್ತು ಕಣ್ರೀ. ಯಾವ ರಾಗ ಅಂತ ಗೊತ್ತಾಗ್ಲಿಲ್ಲ ಅಷ್ಟೇ" ಅಂದರು. ನಮ್ಮವರು ಗಂಭೀರವಾಗಿ, "ನೀಲಿಹುಲ್ಲು" ಎಂದರು. ಆ ಹಿರಿಯರು ತಲೆದೂಗಿದರು.

ಬಯಲಿನ ಆ ಮೇಳದಲ್ಲಿ ಒಂದು ವರ್ಷ ನಿರೂಪಕ ನನ್ನ ಮುಂದೆ ಮೈಕು ಹಿಡಿದು, "ಈ ಬ್ಯಾಂಜೊ ನುಡಿಸುವ ಚೆಲುವ ಯಾರು, ಪರಿಚಯ ಮಾಡಿಸಿ" ಅಂದುಬಿಟ್ಟ. ಗಂಡನ ಹೆಸರು! ಸಾವಿರ ಜನರ ಮುಂದೆ! ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳಲೇಬೇಕಾದರೆ ಒಡಪು ಕಟ್ಟಿ, ಪ್ರಾಸದೊಳಗೆ ಅಡಗಿಸಿ ಹೇಳುತ್ತಾರೆ. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದೆ:

"ಹ್ಯಾರೋ ಹಿತ್ತಲದಾಗ ಹಚ್ಚೀನಿ ಮೆಂತೆ ಪಲ್ಲೆ,
ಬಸವರಾಜರ ಬ್ಯಾಂಜೊ ಕೇಳಿ ಬಂದೀನಿ ಇಲ್ಲೆ."

ಒಂದಕ್ಷರ ತಿಳಿಯದ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಮ್ಮವರ ಕಿವಿ ಕೆಂಪಗಾಗಿತ್ತು. "ಭಾರೀ ಬ್ರೇಕ್ ತೊಗೊಂಡ್ಯಲ್ಲs" ಎಂದು ವಾಪಸು ಬರುವಾಗ ದಾರಿಯುದ್ದಕ್ಕೂ ಹೇಳುತ್ತಿದ್ದರು. ಹನ್ನೆರಡು ವರ್ಷದಲ್ಲಿ ನಾನು ಮೈಕಿನ ಹತ್ತಿರ ಹೋದದ್ದು ಅದೊಂದೇ ಸಲ.

ಬೇಸಿನವರು ಬ್ರೇಕ್ ತೆಗೆದುಕೊಳ್ಳಬಾರದು ಅಂತೇನೂ ಇಲ್ಲ. ನನಗೆ ಧೈರ್ಯವಿರಲಿಲ್ಲ. ಬ್ಯಾಂಜೊ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ಮ್ಯಾಂಡೊಲಿನ್ ನುಸುಳುತ್ತದೆ, ಗಿಟಾರ್ ಬಾಗುತ್ತದೆ, ನಾನು ಮಾತ್ರ ಹಿಂದೆ ನಿಂತಲ್ಲೇ ನಿಂತಿರುತ್ತಿದ್ದೆ. ನನ್ನ ಸಂಸಾರವನ್ನು ನಾನು ಬೆನ್ನ ಕಡೆಯಿಂದ ನೋಡಿದವಳು. ನಮ್ಮವರ ನೆತ್ತಿ ಯಾವ ವರ್ಷ ಎಷ್ಟು ಬೋಳಾಯಿತು, ಮಲ್ಲುವಿನ ಭುಜ ಯಾವ ಬೇಸಿಗೆಯಲ್ಲಿ ಅಪ್ಪನ ಭುಜವನ್ನು ದಾಟಿತು, ಶಾಲು ಯಾವಾಗ ಜಡೆ ಕತ್ತರಿಸಿದಳು, ಕೇಳಿ, ಹೇಳುತ್ತೇನೆ. ಮುಖಗಳನ್ನು ಜನ ನೋಡಿದರು.

ಆದರೆ ಪ್ರತಿಯೊಂದು ಪದದ ಕೊನೆಯ ಸುತ್ತಿಗೆ ಮೊದಲು ನಮ್ಮವರು ಒಮ್ಮೆ ಹಿಂದೆ ತಿರುಗುತ್ತಿದ್ದರು. ಜನಕ್ಕೆ ಬೆನ್ನು, ನನಗೆ ಮುಖ. ಹುಬ್ಬು ಹಾರಿಸಿ, "ತೊಗೊಂತೀಯಾ?" ಎಂದು ಕಣ್ಣಲ್ಲೇ ಕೇಳುತ್ತಿದ್ದರು. ನಾನು ತಲೆಯಾಡಿಸಿ, "ಮುಂದಿನ ಸರ್ತಿ" ಎಂದು ಬಾಯಿ ಅಲ್ಲಾಡಿಸುತ್ತಿದ್ದೆ. ಅವರು ನಕ್ಕು ಮೈಕಿನ ಕಡೆ ತಿರುಗುತ್ತಿದ್ದರು. ಆ ನಗು ನೋಡುವುದಕ್ಕೇ ನಾನು ಬೇಡ ಅನ್ನುತ್ತಿದ್ದೆನೇನೋ.

ಶಾಲುವಿಗೆ ಹದಿನೇಳಾದ ವರ್ಷ, ಆ ಬಯಲಿನ ಮೇಳದಿಂದಲೇ ವಾಪಸಾಗುತ್ತಿದ್ದೆವು. ಕಾರಿನಲ್ಲಿ ನನ್ನ ಪಕ್ಕ ಕೂತಿದ್ದವಳು ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಅವ್ವಾ, ಐ ಥಿಂಕ್ ಐ ವಾಂಟ್ ಟು ಟೇಕ್ ಎ ಬ್ರೇಕ್."

ನಾನು ನಮ್ಮವರ ಭುಜ ಹಿಡಿದು ಅಲ್ಲಾಡಿಸಿದೆ. "ಕೇಳಿದ್ರ್ಯಾ? ಹುಡುಗಿ ತಾನಾಗೇ ಬ್ರೇಕ್ ಕೇಳಾಕತ್ತಾಳ!"

ನಮ್ಮವರು ಕೆಂಪು ದೀಪ ದಾಟಿಯೇ ಬಿಡುತ್ತಿದ್ದರು. "ಒಂದ್ಯಾಕವ್ವಾ, ಮೂರು ತೊಗೊ!" ಎಂದರು.

ಅವಳು ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡಳು. ನಾಚಿಕೆ ಅಂದುಕೊಂಡೆವು. ಆ ರಾತ್ರಿಯಿಂದಲೇ ನಮ್ಮವರು ಹೊಸ ಧಾಟಿಯೊಂದನ್ನು ಕಟ್ಟತೊಡಗಿದರು. ಧಾರವಾಡದ ಹೊಳೆಯ ಹೆಸರು ಮಗಳಿಗೆ, ಮಗಳ ಹೆಸರು ಧಾಟಿಗೆ, "ಶಾಲ್ಮಲಾ." ಅದರಲ್ಲಿ ಮ್ಯಾಂಡೊಲಿನ್ನಿಗೆ ಮೂರು ಬ್ರೇಕ್. ಎರಡು ವಾರ ಅಭ್ಯಾಸವಾಯಿತು. ಸ್ಟ್ಯಾನ್ಮೋರಿನ ಒಂದು ಸಭಾಂಗಣದಲ್ಲಿ ನುಡಿಸಿದೆವು. ಮೂರು ಸಲವೂ ಮುಂದೆ ಹೋದಳು, ಒಂದಕ್ಕಿಂತ ಒಂದು ಚಂದ. ನಾನು ಹಿಂದೆ ನಿಂತು, ನನ್ನ ಮಗಳು, ನನ್ನ ಮಗಳು ಎಂದು ತಂತಿ ಎಳೆದೆ.

ಮುಗಿದ ಮೇಲೆ ಕಾರ್ ಪಾರ್ಕಿನಲ್ಲಿ ಅವಳು ಮ್ಯಾಂಡೊಲಿನ್ನನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಅಪ್ಪನ ಕೈಗೆ ಕೊಟ್ಟಳು. "ಅಪ್ಪಾ, ಐ ಮೆಂಟ್ ದಿ ಅದರ್ ಒನ್."

"ಯಾವ್ದವ್ವಾ?"

ಅವಳು ಅಳತೊಡಗಿದಳು. ಮಲ್ಲು ದೊಡ್ಡಪ್ಪನನ್ನು ಸೀಟಿಗೆ ಏರಿಸುತ್ತಿದ್ದವನು ತಿರುಗದೆಯೇ ಹೇಳಿದ: "ದಿ ಇಂಗ್ಲಿಷ್ ಒನ್, ಅಪ್ಪಾ."

ಎಲ್ಲರಿಗೂ ಅರ್ಥವಾಯಿತು. ಶನಿವಾರ ಭಾನುವಾರ ಗೆಳತಿಯರೊಂದಿಗೆ ಇರಬೇಕು, ಪರೀಕ್ಷೆಗೆ ಓದಬೇಕು, ಚೌಕಳಿ ಅಂಗಿ ಸಾಕು. ತಪ್ಪೇನಿತ್ತು ಅದರಲ್ಲಿ? "ಎರಡ್ ವಾರ ಯಾಕ ಸುಮ್ಮನಿದ್ದಿ?" ಎಂದು ಕೇಳಿದೆ. "ಯೂ ಬೋತ್ ಲುಕ್ಡ್ ಸೋ ಹ್ಯಾಪಿ" ಅಂದಳು. ನಮ್ಮವರು ಬೈಯಲಿಲ್ಲ, ಅವಳ ತಲೆ ಸವರಿದರು. ಹಾಕಿದ್ದ ದೊಡ್ಡಪ್ಪನ ಬೆಲ್ಟನ್ನು ಬಿಚ್ಚಿ ಮತ್ತೆ ಹಾಕಿದರು. ಮನೆಗೆ ಬಂದು ಚಹಾ ಕುಡಿಯುವಾಗ ನನ್ನನ್ನು ಕೇಳಿದರು: "ಈ ಇಂಗ್ಲಿಷ್ ಬ್ರೇಕು ಎಷ್ಟು ದಿನ ಇರತೈತಿ?"

ಮರುವರ್ಷ ಮಲ್ಲು ಭೂಗೋಳ ಕಲಿಯಲು ಅಬರ್ಡೀನ್‌ಗೆ ಹೋದ. ಅವನು ಹೋಗುವ ಬೆಳಿಗ್ಗೆ ಗಿಟಾರಿನ ತಂತಿಗಳನ್ನು ಸಡಿಲಿಸಿಟ್ಟು ಹೋದ, ಕುತ್ತಿಗೆ ಬಾಗದಿರಲಿ ಅಂತ. ಶಾಲು ಬ್ರಿಸ್ಟಲ್‌ನಲ್ಲಿ ಓದಿ ಅಲ್ಲೇ ಕೆಲಸ ಹಿಡಿದಳು. ಒಳ್ಳೆಯ ಮಕ್ಕಳು, ಭಾನುವಾರ ತಪ್ಪದೆ ಫೋನ್ ಮಾಡುತ್ತಾರೆ. ತಂಡದಲ್ಲಿ ಉಳಿದವರು ಬ್ಯಾಂಜೊ ಮತ್ತು ದೊಡ್ಡಪ್ಪ. ಎರಡು ವಾದ್ಯದ ಬ್ಲೂಗ್ರಾಸನ್ನು ಯಾರೂ ಕರೆಯುವುದಿಲ್ಲ, ಆದರೂ ಭಾನುವಾರ ಮಧ್ಯಾಹ್ನ ನಾವು ಇದೇ ಕೋಣೆಯಲ್ಲಿ ನಿಂತು ನುಡಿಸುತ್ತಿದ್ದೆವು. ನಮ್ಮವರು ತಮ್ಮ ಸುತ್ತು ಮುಗಿಸಿ ಶಾಲುವಿನ ಜಾಗದ ಕಡೆ ನೋಡುತ್ತಿದ್ದರು. ಅಲ್ಲಿ ಆಳೆತ್ತರದ ಸ್ಟ್ಯಾಂಡರ್ಡ್ ಲ್ಯಾಂಪ್ ನಿಂತಿತ್ತು. ಒಂದು ಸುತ್ತು ಇಬ್ಬರೂ ಮೆಲ್ಲಗೆ ಆಸರೆ ಹಿಡಿಯುತ್ತಿದ್ದೆವು, ಅವಳು ನುಡಿಸುತ್ತಿದ್ದಾಳೆ ಅನ್ನುವ ಹಾಗೆ. ಆಮೇಲೆ ಮಲ್ಲುವಿನ ಜಾಗಕ್ಕೆ ಒಂದು ಸುತ್ತು. ಹುಚ್ಚು ಅನ್ನಿ. ಆ ಖಾಲಿ ಸುತ್ತುಗಳಲ್ಲಿ ಒಮ್ಮೊಮ್ಮೆ ನನಗೆ ಅಳು ಬರುತ್ತಿತ್ತು, ಅವರು ತಿರುಗುವಷ್ಟರಲ್ಲಿ ಒರೆಸಿಕೊಳ್ಳುತ್ತಿದ್ದೆ. ಅವರು ತಿರುಗಿ ಹುಬ್ಬು ಹಾರಿಸುತ್ತಿದ್ದರು. ಮುಂದಿನ ಸರ್ತಿ.

ಒಂದು ಭಾನುವಾರ ಹಾಗೆಯೇ ಹೇಳಿದ್ದೆ. ಬುಧವಾರ ಹೇಸ್‌ನ ಆಫೀಸಿನಲ್ಲಿ ಹನ್ನೊಂದು ಗಂಟೆಯ ಚಹಾ ಕೈಯಲ್ಲಿ ಹಿಡಿದು ಕೂತವರು ಏಳಲಿಲ್ಲ. ಟೀ ಬ್ರೇಕ್ ಅಂತ ಹೋದರು, ಅಷ್ಟೇ, ಎಂದು ಅವರ ಜೊತೆಗಾರ ನನಗೆ ಫೋನಿನಲ್ಲಿ ಹೇಳಿದ. ಆ ಮಾತು ಕೇಳಿ ಅಳಬೇಕೋ ನಗಬೇಕೋ ತಿಳಿಯದೆ ನಿಂತವಳು ನಾನೊಬ್ಬಳೇ ಇರಬೇಕು.

ಮಕ್ಕಳು ಬಂದರು. ಕನ್ನಡದ ಮನೆಗಳಿಂದ ವಾರಗಟ್ಟಲೆ ಬುತ್ತಿ ಬಂತು. ಕೆನ್ ಕೋಲೂರಿಕೊಂಡು ಬಂದು, ನಾಲ್ಕು ಜನ ಸೇರಿ ಒಂದು ಪದ ನುಡಿಸೋಣವೇ ಎಂದ. ನನ್ನ ಕೈಲಾಗುವುದಿಲ್ಲ ಎಂದೆ. ಆಮೇಲೆ ಎಲ್ಲರೂ ಅವರವರ ಊರಿಗೆ ಹೋದರು. ನಾನು ಬೆಳಿಗ್ಗೆ ಸರ್ಜರಿಗೆ ಹೋಗಿ ಊರಿನ ಕೆಮ್ಮು ನೆಗಡಿಗೆ ಅಪಾಯಿಂಟ್‌ಮೆಂಟ್ ಬರೆದು, ಮಧ್ಯಾಹ್ನ ಮೂರಕ್ಕೆ ಬೀಗ ತೆಗೆದು ಒಳಗೆ ಬಂದರೆ, ಹೋಗುವಾಗ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಒಂಟಿತನ ಅಂದರೆ ಏನೋ ದೊಡ್ಡದು ಅಂದುಕೊಂಡಿದ್ದೆ. ಆ ಲೋಟ ಅಷ್ಟೇ.

ನಮ್ಮ ಹಿತ್ತಲಿನಾಚೆ ಮೆಟ್ರೊಪಾಲಿಟನ್ ಲೈನಿನ ಹಳಿ. ರೈಲು ಹಾಯ್ದಾಗಲೆಲ್ಲ ಮೂಲೆಯಲ್ಲಿ ದುಪ್ಪಟಿ ಹೊದ್ದು ನಿಂತ ದೊಡ್ಡಪ್ಪನ ದಪ್ಪ ತಂತಿ ತಾನೇ ಸಣ್ಣಗೆ "ಹೂಂ" ಅನ್ನುತ್ತಿತ್ತು. ಮೊದಮೊದಲು ಬೆಚ್ಚುತ್ತಿದ್ದೆ. ಆಮೇಲೆ ರೈಲಿನ ಹೊತ್ತು ನೋಡಿಕೊಂಡು ಮಾತಾಡತೊಡಗಿದೆ. "ಇವತ್ತು ಭಾಳ ಥಂಡಿ ಐತಿ ಅಲ್ಲ?" ಹೂಂ. "ಒಬ್ಬಾಕಿಗೇ ಏನು ಅಡಿಗಿ ಮಾಡೂದು, ಅವಲಕ್ಕಿ ಸಾಕಲ್ಲ?" ಹೂಂ. ಎರಡು ವರ್ಷ ಹೀಗೆ ಕಳೆಯಿತು. ಆದರೆ ತಂತಿ ಮುಟ್ಟಲಿಲ್ಲ. ಮುಟ್ಟಿದರೆ ಪದ ಶುರುವಾಗುತ್ತದೆ, ಶುರುವಾದರೆ ಆ ತಿರುಗುವ ಜಾಗ ಬರುತ್ತದೆ, ಅಲ್ಲಿ ಯಾರೂ ತಿರುಗುವುದಿಲ್ಲ. ಅದು ನನ್ನ ಭಯ.

ಶಾಲು ಫೋನಿನಲ್ಲಿ ಮೆತ್ತಗೆ ಹೇಳಿದಳು, ಅದನ್ನು ಯಾವುದಾದರೂ ಶಾಲೆಗೆ ಕೊಡು ಅವ್ವಾ, ಮಕ್ಕಳು ನುಡಿಸಲಿ, ಹೊಸ ಕಾರ್ಪೆಟ್ ಹಾಕಿಸು, ಕೋಣೆ ಬೆಳಕಾಗುತ್ತದೆ. ಒಪ್ಪಿದೆ. ಮಾರೆಕ್ ಬಂದದ್ದು ಶುಕ್ರವಾರ, ಶಾಲೆಯ ವ್ಯಾನು ಬರುವುದಿದ್ದದ್ದು ಶನಿವಾರ ಬೆಳಿಗ್ಗೆ. ಬಂತು, ಒಯ್ದರು ಕೂಡ, ಅದರಲ್ಲಿ ಮುಚ್ಚುಮರೆ ಇಲ್ಲ. ನಾನು ಹೇಳಬೇಕೆಂದದ್ದು ಶುಕ್ರವಾರದ್ದು.

ಮಾರೆಕ್ ಕಾರ್ಪೆಟ್ ಸುತ್ತಿ ಗೋಡೆಗೆ ಒರಗಿಸಿದ. ಕೆಳಗಿನ ಹಲಗೆಯಲ್ಲೂ ಅದೇ ಜಾಗಕ್ಕೆ ಒಂದು ಕುಳಿ. "ಇದಕ್ಕೆ ಮೇಣ ತುಂಬಿ ಸಮ ಮಾಡಿಬಿಡಲೇ?" ಎಂದ.

"ತಡಿಯಪ್ಪಾ" ಎಂದೆ, ಕನ್ನಡದಲ್ಲೇ. ಅವನಿಗೆ ಅರ್ಥವಾಯಿತು.

ಕೋಣೆ ಖಾಲಿ ಮಾಡುವಾಗ ಪಡಸಾಲೆಗೆ ಸರಿಸಿದ್ದ ದೊಡ್ಡಪ್ಪನನ್ನು ತಬ್ಬಿ ಎಳೆದು ತಂದೆ. ಮಾರೆಕ್ ಕೈ ಹಾಕಲು ಬಂದ, ಬೇಡವೆಂದೆ. ಕಾಲನ್ನು ಕುಳಿಯಲ್ಲಿಟ್ಟೆ, ಟಕ್ ಎಂದು ಕೂತಿತು. ತಂತಿಗಳು ಇಳಿದಿದ್ದವು, ಕಿವಿ ತಿರುವಿ ಏರಿಸಿದೆ. ಮಾರೆಕ್ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತ.

"ಶಾಲ್ಮಲಾ" ಎತ್ತಿದೆ. ಎತ್ತಿದೆ ಅಂದರೆ ಏನು, ಧಪ್ ಧಪ್. ಬ್ಯಾಂಜೊದ ಸುತ್ತಿಗೆ ಆಸರೆ ಹಿಡಿದೆ. ಶಾಲುವಿನ ಸುತ್ತು, ಮಲ್ಲುವಿನ ಸುತ್ತು. ಕೇಳುವವನಿಗೆ ಬರೀ ಎರಡು ಸ್ವರ, ನನಗೆ ಪೂರಾ ತಂಡ. ಆಮೇಲೆ ಅವರು ಹಿಂದೆ ತಿರುಗುವ ಜಾಗ ಬಂತು. ಬೋಳು ನೆತ್ತಿ ಇರುತ್ತಿದ್ದ ಎತ್ತರಕ್ಕೆ ನೋಡಿದೆ.

"ಹೂಂ, ತೊಗೊಂತೀನ್ರೀ" ಎಂದು ಬಾಯಿಬಿಟ್ಟು ಹೇಳಿದೆ.

ತೆಗೆದುಕೊಂಡೆ. ಜಡ್ಡುಗಟ್ಟಿದ್ದ ಬೆರಳ ತುದಿಗಳು ಮೆತ್ತಗಾಗಿದ್ದವು, ತಂತಿ ಉರಿಯಿತು. ಎಷ್ಟೋ ಸ್ವರ ತಪ್ಪಿದವು. ಆದರೆ ಧಾಟಿ ಬಂತು, ಅವರು ಮಗಳಿಗೆ ಕಟ್ಟಿದ್ದು, ದಪ್ಪ ದನಿಯಲ್ಲಿ, ನಿಧಾನಕ್ಕೆ. ಹಿಂದೆ ನಿಂತು ನಿಂತು ಎಲ್ಲರದ್ದೂ ಕಲಿತುಬಿಟ್ಟಿದ್ದೆ ಅಂತ ನನಗೇ ಗೊತ್ತಿರಲಿಲ್ಲ. ಅಳುತ್ತಿದ್ದೆ. ಕೈ ಬಿಡಲಿಲ್ಲ.

ಸುತ್ತು ಮುಗಿಯಿತು. ಮುಗಿದ ಮೇಲೆ ಯಾರ ಕಡೆಗಾದರೂ ನೋಡಬೇಕಲ್ಲ. ಎಡಕ್ಕೆ ನೋಡಿದೆ, ಸ್ಟ್ಯಾಂಡರ್ಡ್ ಲ್ಯಾಂಪ್ ಇದ್ದ ಜಾಗದಲ್ಲಿ ಸುತ್ತಿಟ್ಟ ಕಾರ್ಪೆಟ್ ಒರಗಿತ್ತು. ಬಲಕ್ಕೆ ನೋಡಿದೆ, ಬರೀ ಹಲಗೆ. ಎದುರಿಗೆ ಮಾರೆಕ್ ತನ್ನ ಕಪ್ಪಿನೊಳಗೆ ನೋಡುತ್ತ ನಿಂತಿದ್ದ. ಯಾರೂ ಮುಂದೆ ಬರಲಿಲ್ಲ.

ನಿಲ್ಲಿಸಬೇಡ ಅಂದಿದ್ದ ಕೆನ್. ಇನ್ನೊಂದು ಸುತ್ತೂ ನಾನೇ ತೆಗೆದುಕೊಂಡೆ.